ಏರ್‌ಗನ್ ಕೊಂಡರೆ ಹೊಲ ಉಳಿದೀತೆ?

ರಾಗಿ ತೆನೆ ಬಲಿಯುವ ಹೊತ್ತಿಗೆ ತಳಿ, ದೇನಕನಕೋಟೆ, ಅಂಚೆಟ್ಟಿ ಕಡೆಯ ಕಾಡಂಚಿನ ರೈತರಿಗೆ ನಿದ್ದೆ ಇಲ್ಲ. ಕಾಡುಹಂದಿಗಳ ಹಿಂಡು ಒಂದು ರಾತ್ರಿ ನುಗ್ಗಿದರೆ ಸಾಕು, ಕಡಲೆಕಾಯಿ ಹೊಲ ಉತ್ತು ಹಾಕಿದಂತಾಗುತ್ತದೆ. ನಾಲ್ಕು ತಿಂಗಳ ದುಡಿಮೆ ಬೆಳಗಾಗುವಷ್ಟರಲ್ಲಿ ಮಣ್ಣುಪಾಲು.

ಈ ಸಂಕಟದ ನಡುವೆ ಯುವಕರ ಬಾಯಲ್ಲಿ ಹೊಸ ಮಾತೊಂದು ಓಡಾಡುತ್ತಿದೆ. ದೊಡ್ಡ ಬೋರಿನ, ಉದ್ದ ಕಡಿಮೆಯ ಏರ್ ರೈಫಲ್ ಒಂದಿದ್ದರೆ ಲಂಟಾನ ಪೊದೆಯೊಳಗೂ ನುಗ್ಗಿ ಹಂದಿ ಹೊಡೆಯಬಹುದು, ಲೈಸೆನ್ಸ್ ಕೂಡ ಬೇಡ ಎಂಬುದು ಆ ಮಾತು. 'ಬರೀ ಗಾಳಿ ಬಂದೂಕು ತಾನೆ, ಯಾರು ಕೇಳ್ತಾರೆ?' ಅನ್ನುವವರೂ ಇದ್ದಾರೆ. ಸಾಲ ಮಾಡಿ ದುಡ್ಡು ಸುರಿಯುವ ಮುನ್ನ ಈ ಮಾತಿನಲ್ಲಿ ಹುರುಳೆಷ್ಟು ಎಂದು ನೋಡುವುದು ಒಳ್ಳೆಯದು.

ಲೈಸೆನ್ಸ್ ಬೇಡ ಎಂಬುದು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳಅಳತೆ 4.5 ಮಿ.ಮೀ. ಮೀರಿದರೆ ಅಥವಾ ಗುಂಡಿನ ಶಕ್ತಿ 20 ಜೌಲ್ ಮೀರಿದರೆ ಏರ್‌ಗನ್‌ಗೂ ಲೈಸೆನ್ಸ್ ಬೇಕು. ದೊಡ್ಡ ಬೋರ್ ಅಂದ ಕೂಡಲೇ ಅದು ಈ ಮಿತಿ ದಾಟಿತು. ಇನ್ನು ಲೈಸೆನ್ಸ್ ಬೇಡದ ಏರ್‌ಗನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಸರಿ. ಹಂದಿಯ ದಪ್ಪ ಚರ್ಮದ ಮುಂದೆ ಅದರ ಆಟ ನಡೆಯದು. ಗಾಯಗೊಂಡ ಹಂದಿ ಪೊದೆ ಸೇರುತ್ತದೆ. ಮರುದಿನ ಸೌದೆಗೆ ಹೋದ ಹೆಂಗಸಿನ ಮೇಲೋ ದನ ಕಾಯುವ ಹುಡುಗನ ಮೇಲೋ ಎರಗಿದರೆ ಹೊಣೆ ಯಾರು?

ಅಮೆರಿಕದಲ್ಲಿ ದೊಡ್ಡ ಬೋರಿನ ಏರ್ ರೈಫಲ್‌ಗಳಿಂದ ಹಂದಿ ಹೊಡೆಯುವುದು ನಿಜ. ಆದರೆ ಅಲ್ಲಿನ ರಾಜ್ಯಗಳು ಬೇಟೆಗೆ ಕಾನೂನಿನಲ್ಲೇ ಅವಕಾಶ ಕೊಟ್ಟಿವೆ. ತೂಕದ ಗುಂಡು ಪೊದೆಯನ್ನು ಸೀಳಿಕೊಂಡು ನೇರ ಹೋಗುತ್ತದೆ ಎಂಬುದೂ ತಪ್ಪು ನಂಬಿಕೆ. ಕಡ್ಡಿ ತಗುಲಿದರೆ ಎಂಥ ಗುಂಡೂ ದಿಕ್ಕು ತಪ್ಪಬಹುದು. ಗಿಡ್ಡ ಬಂದೂಕು ಪೊದೆಯಲ್ಲಿ ಹಿಡಿದು ತಿರುಗಲು ಸುಲಭ, ಅಷ್ಟೇ. ಪೊದೆಯ ಆಚೆ ಇರುವುದು ಹಂದಿಯೋ ಮನುಷ್ಯನೋ ಎಂದು ಅದು ಹೇಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಬಂದೂಕಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಡಿಯ ಎರಡೂ ಕಡೆ ಒಂದೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಅದನ್ನು ಕೊಂದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಭಯಾರಣ್ಯದೊಳಗಾದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಆಗಬಹುದು. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಅಭಯಾರಣ್ಯಗಳು ಘೋಷಣೆಯಾದ ಮೇಲೆ ಈ ಭಾಗದ ಕಾಡು ಬಹುಪಾಲು ಅಭಯಾರಣ್ಯವೇ. ಆಚೆ ಬದಿಯಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಿದೆ. ಗಡಿ ಕಲ್ಲು ಮನುಷ್ಯರಿಗೆ, ಹಂದಿಗಲ್ಲ.

ಅಡ್ಡದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಪಕ್ಕದ ಧರ್ಮಪುರಿ ಜಿಲ್ಲೆಯೇ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಮಾರಂಡಹಳ್ಳಿ ಬಳಿ ಹಂದಿ ತಡೆಯಲು ಹಾಕಿದ್ದ ಅಕ್ರಮ ವಿದ್ಯುತ್ ಬೇಲಿಗೆ ಮೂರು ಹೆಣ್ಣಾನೆಗಳು ಸತ್ತವು. ಎರಡು ಮರಿಗಳು ತಬ್ಬಲಿಯಾದವು. ಬೇಲಿ ಹಾಕಿದ ರೈತ ಜೈಲು ಸೇರಿದ. ಬೆಳೆಯೂ ಹೋಯಿತು, ಮಾನವೂ ಹೋಯಿತು.

ಹಾಗಂತ ತಪ್ಪೆಲ್ಲ ರೈತನದೇ ಎನ್ನುವುದು ನ್ಯಾಯವಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ, ಮೀಸಲು ಅರಣ್ಯದಿಂದ ಮೂರು ಕಿ.ಮೀ. ಆಚೆ ಬರುವ ಹಂದಿಗಳನ್ನು ಅರಣ್ಯ ಸಿಬ್ಬಂದಿಯೇ ಗುಂಡಿಕ್ಕಬಹುದು ಎಂದು ಪ್ರಕಟಿಸಿತು. ಒಂದರಿಂದ ಮೂರು ಕಿ.ಮೀ. ಒಳಗೆ ಹಿಡಿದು ಕಾಡಿಗೆ ಬಿಡಬೇಕು, ಒಂದು ಕಿ.ಮೀ. ಒಳಗೆ ಕೊಲ್ಲುವಂತಿಲ್ಲ. ಲೆಕ್ಕ ಹಾಕಿ ನೋಡಿದರೆ, ಹೆಚ್ಚು ಪೆಟ್ಟು ತಿನ್ನುವ ಕಾಡಂಚಿನ ರೈತನಿಗೇ ಇದರಿಂದ ಕಡಿಮೆ ಲಾಭ. ಬೇಲಿ ಬದಿಗೆ ಬೆಳೆ ಹಾಕಿದವನು 'ನಮ್ಮ ಹೊಲ ಕಾಡಿಗೆ ಅಂಟಿಕೊಂಡೇ ಐತಲ್ಲ ಸ್ವಾಮಿ' ಎಂದರೆ ಉತ್ತರ ಕೊಡುವವರಿಲ್ಲ.

ಆದ್ದರಿಂದ ಸರ್ಕಾರ ಈ ಒಂದು ಕಿ.ಮೀ. ಪಟ್ಟಿಯ ಹಳ್ಳಿಗಳಿಗೆ ಗಟ್ಟಿಮುಟ್ಟಾದ ತಂತಿ ಬೇಲಿಗೆ, ಸೋಲಾರ್ ಬೇಲಿಗೆ ಮೊದಲ ಆದ್ಯತೆ ಕೊಡಬೇಕು. ಬೆಳೆ ಪರಿಹಾರ ಮುಂದಿನ ಬಿತ್ತನೆಯೊಳಗೆ ಕೈಸೇರಬೇಕು. ತಮಿಳು ಓದಲು ಬಾರದ ಕನ್ನಡದ ಹಿರಿಯರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಅರ್ಜಿಯ ಪಕ್ಕದಲ್ಲೇ ಕನ್ನಡ ವಿವರಣೆ ಇಟ್ಟರೆ ಇಲಾಖೆಗೆ ದೊಡ್ಡ ಖರ್ಚೇನೂ ಬಾರದು.

ರೈತರೂ ಬೆಳೆ ಹಾಳಾದ ದಿನವೇ ಫೋಟೊ ತೆಗೆದು, ಪಟ್ಟಾ ಪ್ರತಿಯೊಂದಿಗೆ ಅರಣ್ಯ ರೇಂಜ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮನೆ ಆನೇಕಲ್ ಕಡೆ, ಹೊಲ ತಳಿ ಕಡೆ ಇದ್ದವರು ಹೊಲ ಇರುವ ಕಡೆಯೇ ಕೊಡಬೇಕು. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ನಾಡಬಂದೂಕು ಇದ್ದರೆ ಠಾಣೆಗೆ ಒಪ್ಪಿಸಿಬಿಡುವುದೇ ಕ್ಷೇಮ.

ಕಾನೂನು ಪಾಲಿಸಿದ ರೈತ ಸೋಲಬಾರದು. ಅವನು ಸೋತರೆ ನಾಳೆ ಮನೆಮನೆಯಲ್ಲೂ ಬಂದೂಕಿನ ಮಾತೇ ಕೇಳಿಸೀತು. ಆಮೇಲೆ ರೈತರನ್ನು ದೂರಿ ಪ್ರಯೋಜನವಿಲ್ಲ.