ಬದು ಹೆಚ್ಚಿದರೆ ರಾಗಿ ಹೆಚ್ಚುತ್ತಾ?

ಉಯ್ಯಂಬಳ್ಳಿಯ ಎರಡೆಕರೆ ಹೊಲಕ್ಕೆ ನೂರು ಬದು ಹಾಕಿ, “ಈಗ ನೂರು ಹೊಲ ಆಯ್ತು” ಅಂದರೆ ನಮ್ಮಪ್ಪ ನಗ್ತಾರೆ. ಬೀಳೋ ಮಳೆ ಅಷ್ಟೇ, ಬೆಳೆಯೋ ರಾಗಿಯೂ ಅಷ್ಟೇ. ಬದುವಿಗೆ ಹೋದ ಜಾಗ ದಂಡ. ಇದೇ ಲೆಕ್ಕವನ್ನು ಬೆಂಗಳೂರಲ್ಲಿ ‘108 ಮೆಗಾಪಿಕ್ಸೆಲ್’ ಅಂತ ಮಾರಿದರೆ, ಬಿಇ ಓದಿದ ನಾವು ಇಎಂಐ ಹಾಕಿಸಿಕೊಂಡು ಕೊಳ್ತೀವಿ. ನಾನೂ ಕೊಂಡೆ.

ಸೆನ್ಸರ್ ಅಂದರೆ ಬೆಳಕು ಬೀಳೋ ಹೊಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದು 36×24 ಮಿ.ಮೀ. ನನ್ನ ಫೋನಿನಲ್ಲಿ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಒಂದೊಂದು ಪಿಕ್ಸೆಲ್ 1 ಮೈಕ್ರಾನ್ ಕೂಡ ಇಲ್ಲ. ಅಷ್ಟು ಸಣ್ಣದಕ್ಕೆ ಬೆಳಕು ಸಾಲಲ್ಲ ಅಂತ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡ್ತಾರೆ. ಕೈಗೆ ಬರೋದು 12 ಮೆಗಾಪಿಕ್ಸೆಲ್ ಫೋಟೋ. ಬದು ಹಾಕಿದವರೇ ಬದು ಕೀಳ್ತಾರೆ! ಒಳ್ಳೆ ಬಿಸಿಲಲ್ಲಿ 108ರಿಂದ ಒಂದಿಷ್ಟು ಲಾಭ ಇದೆ, ಒಪ್ತೀನಿ. ಆದರೆ ಬದುಕೆಲ್ಲ ಬಿಸಿಲಲ್ಲೇ ನಡೆಯಲ್ಲ.

ಒಂದು ರಾತ್ರಿ ಜಗುಲಿಯ ಬಲ್ಬಿನ ಬೆಳಕಲ್ಲಿ ಅಜ್ಜಿಯ ಫೋಟೋ ತೆಗೆದೆ. ಬೆಳಕು ಸಾಲದೆ ಚಿತ್ರದ ತುಂಬ ಚುಕ್ಕೆ ಎದ್ದವು. ಅವನ್ನು ಅಳಿಸಲು ಹೋದ ಸಾಫ್ಟ್‌ವೇರ್ ಅಜ್ಜಿಯ ಮುಖದ ಸುಕ್ಕನ್ನೂ ಅಳಿಸಿತು. ಅಂಥ ಕೋಡ್ ಬರೆಯೋರು ನಮ್ಮಂಥವರೇ. ಅಜ್ಜಿ ಈಗಿಲ್ಲ. ಉಳಿದಿರೋದು ಮೇಣದ ಗೊಂಬೆಯಂಥ ಯಾರದೋ ಮುಖ.

ಅಂಗಡಿಯಲ್ಲಿ ಇನ್ನು ‘ಎಷ್ಟು ಮೆಗಾಪಿಕ್ಸೆಲ್’ ಅಂತ ಕೇಳಬೇಡಿ. ‘ಸೆನ್ಸರ್ ಎಷ್ಟು ದೊಡ್ಡದು’ ಅಂತ ಕೇಳಿ. ಹೇಳದಿದ್ದರೆ ಎದ್ದು ಬನ್ನಿ. ಅಳತೆ ಮುಚ್ಚಿಟ್ಟು ಬದು ಎಣಿಸಿ ಹೊಲ ಮಾರೋನಿಗೆ ನಮ್ಮೂರಲ್ಲಿ ಯಾರೂ ಮುಂಗಡ ಕೊಡಲ್ಲ.