ಲೆಕ್ಕಕ್ಕೂ ಒಂದಿಷ್ಟು ಮರೆವು ಬೇಕು

ನನ್ನಂಥ ಪಿಂಚಣಿದಾರರ ತುಟ್ಟಿಭತ್ಯೆಗೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವು 2020ರವರೆಗೂ 2001ನೇ ಆಧಾರವರ್ಷವನ್ನೇ ನೆಚ್ಚಿಕೊಂಡಿತ್ತು. ಅಂದರೆ, ಹತ್ತೊಂಬತ್ತು ವರ್ಷ ಹಿಂದಿನ ಕುಟುಂಬದ ಖರ್ಚಿನ ತಕ್ಕಡಿಯಲ್ಲಿ ಅಂದಿನ ಬೆಲೆಗಳನ್ನು ತೂಗಲಾಗುತ್ತಿತ್ತು. 2016ನ್ನು ಆಧಾರವರ್ಷವಾಗಿ ಮಾಡಿಕೊಂಡಾಗ ಆಹಾರ ಮತ್ತು ಪಾನೀಯಗಳ ತೂಕ ಶೇ 46.2ರಿಂದ ಶೇ 39.17ಕ್ಕೆ ಒಮ್ಮೆಲೇ ಇಳಿಯಿತು. ಜನರೇನು ಒಂದೇ ರಾತ್ರಿಯಲ್ಲಿ ಊಟ ಬಿಟ್ಟರೆ?

ಅರ್ಥಶಾಸ್ತ್ರ ಓದಿದ ನನಗೆ ಇದರ ಪರಿಹಾರ ಕಂಡದ್ದು ನಿಯಂತ್ರಣ ಎಂಜಿನಿಯರಿಂಗ್‌ನಲ್ಲಿ. ಇಂಧನ ಉರಿದಂತೆಲ್ಲ ವಿಮಾನದ ತೂಕ ಇಳಿಯುತ್ತದೆ. ಅದರ ಗುಣಗಳು ಹಾರುತ್ತಿರುವಾಗಲೇ ಬದಲಾಗುತ್ತವೆ. ಅವನ್ನು ಅಂದಾಜು ಮಾಡುವ ಕ್ರಮ ಸರಳ: ನಿರೀಕ್ಷಿಸಿದ್ದಕ್ಕೂ ಅಳತೆಯಲ್ಲಿ ಕಂಡದ್ದಕ್ಕೂ ಇರುವ ವ್ಯತ್ಯಾಸದ ಒಂದಂಶದಷ್ಟು ಹಳೆಯ ಅಂದಾಜನ್ನು ತಿದ್ದುವುದು. ಗೌಸ್ 1820ರ ದಶಕದಲ್ಲೇ ಇದಕ್ಕೆ ದಾರಿ ತೋರಿದ್ದ; 1950ರಲ್ಲಿ ಪ್ಲಾಕೆಟ್ ಅದನ್ನು ಹೊಸದಾಗಿ ನಿರೂಪಿಸಿದರು.

ತೊಡಕಿರುವುದು ಆ 'ಒಂದಂಶ'ದಲ್ಲಿ. ಎಲ್ಲ ಅಳತೆಗಳಿಗೂ ಸಮಾನ ಮನ್ನಣೆ ಕೊಟ್ಟು ಸರಾಸರಿ ತೆಗೆದರೆ ಸಾವಿರದ ಅಳತೆಯ ಪಾಲು ಸಾವಿರದಲ್ಲೊಂದು. ಅಂದಾಜು ಕ್ರಮೇಣ ಕಿವುಡಾಗುತ್ತದೆ. ಆದ್ದರಿಂದ ಎಂಜಿನಿಯರರು 'ಮರೆವಿನ ಗುಣಕ'ವೊಂದನ್ನು ಇಟ್ಟಿದ್ದಾರೆ. ಅದು 0.99 ಆದರೆ ನೆನಪು ಸುಮಾರು ನೂರು ಅಳತೆಗಳಷ್ಟು, 0.95 ಆದರೆ ಇಪ್ಪತ್ತರಷ್ಟು. ಮರೆವು ಹೆಚ್ಚಿದರೆ ಅಂದಾಜು ಪ್ರತಿ ಸಣ್ಣ ಏರಿಳಿತಕ್ಕೂ ಕುಣಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವ್ಯವಸ್ಥೆ ಬಹುಕಾಲ ನಿಶ್ಚಲವಾಗಿದ್ದು ಹೊಸ ಮಾಹಿತಿಯೇ ಬಾರದಿದ್ದರೂ ಮರೆವು ಮಾತ್ರ ಮುಂದುವರಿಯುತ್ತದೆ. ಕಲಿತದ್ದೆಲ್ಲ ಅಳಿಸಿಹೋದ ಮೇಲೆ ಬರುವ ಚಿಕ್ಕ ಅಲುಗಾಟವೂ ಅಂದಾಜನ್ನು ಹುಚ್ಚೆಬ್ಬಿಸಬಲ್ಲದು. ಹಾಗಾಗಿ, ಮಾಹಿತಿ ಬಂದಷ್ಟೇ ಮರೆಯುವ ವಿಧಾನಗಳನ್ನೂ ರೂಪಿಸಿಕೊಂಡಿದ್ದಾರೆ.

ನಮ್ಮ ಕಚೇರಿಗಳ ರೂಢಿ ಇದಕ್ಕೆ ತದ್ವಿರುದ್ಧ: ವರ್ಷಗಟ್ಟಲೆ ಏನನ್ನೂ ಮರೆಯುವುದಿಲ್ಲ, ಆಮೇಲೆ ಒಂದು ದಿನ ಎಲ್ಲವನ್ನೂ ಮರೆಯುತ್ತೇವೆ. (ನಾನೂ ಅಂಥ ಕಡತಗಳಿಗೆ ಸಹಿ ಹಾಕಿದವನೇ.) ತೂಕಗಳನ್ನು ಆಗಾಗ ಬದಲಿಸಿದರೆ ವರ್ಷ ವರ್ಷದ ಹೋಲಿಕೆ ಕೆಡುತ್ತದೆ, ಖರ್ಚೂ ಹೆಚ್ಚು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬ್ರಿಟನ್ ತನ್ನ ಗ್ರಾಹಕ ಬೆಲೆ ಸೂಚ್ಯಂಕದ ತೂಕಗಳನ್ನು ಪ್ರತಿವರ್ಷ ತಿದ್ದಿ, ಹಳೆಯ ಸರಣಿಗೆ ಕೊಂಡಿ ಹಾಕುತ್ತದೆ. ನಮ್ಮಲ್ಲೂ 2022-23 ಮತ್ತು 2023-24ರಲ್ಲಿ ಬೆನ್ನುಬೆನ್ನಿಗೆ ಕುಟುಂಬ ವೆಚ್ಚ ಸಮೀಕ್ಷೆಗಳು ನಡೆದವು. ಕಾರ್ಮಿಕ ಕುಟುಂಬಗಳಲ್ಲೂ ಪ್ರತಿವರ್ಷ ಸಣ್ಣದೊಂದು ಸಮೀಕ್ಷೆ ನಡೆಸಿ, ಅದರ ಬೆಳಕಿನಲ್ಲಿ ತೂಕಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋಗಲು ಅಡ್ಡಿಯೇನು?