ಅಡವಿಯ ಸೇವೆಯೋ, ಅಡವಿಯ ವಿಹಾರವೋ?

ವರ್ಷಕ್ಕೊಮ್ಮೆ ಕಬಿನಿಯ ತೀರಕ್ಕೋ ಬಂಡೀಪುರಕ್ಕೋ ಹೋಗಿ, ಹುಲಿಯನ್ನು ಕಂಡುಬಂದ ಬಗೆಯನ್ನು ಬಂಧುಮಿತ್ರರಲ್ಲಿ ವರ್ಣಿಸುವುದು ಈಗ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಪದ್ಧತಿಯೇ ಆಗಿದೆ. ಆದರೆ ಅದೇ ಮನೆಯ ಮಗನೋ ಮಗಳೋ ವನ್ಯಜೀವಿ ಸಂರಕ್ಷಣೆಯನ್ನೇ ವೃತ್ತಿಯಾಗಿ ಕೈಕೊಳ್ಳುವೆನೆಂದರೆ, ಹುಲಿಯ ಮುಂದೆ ಅಂಜದ ತಂದೆಯು ಅಲ್ಲಿಯೇ ಬೆವರುವನು. “ಕಾಡು ಸುತ್ತಿದರೆ ಹೊಟ್ಟೆ ತುಂಬೀತೆ?” ಎಂಬ ಪ್ರಶ್ನೆ ಒಡನೆಯೇ ಹೊರಡುವುದು. ಕಾಡಿನ ನೋಟ ನಮಗಿರಲಿ, ಅದನ್ನು ಕಾಯುವ ಕಷ್ಟ ಪರರ ಮಕ್ಕಳಿಗಿರಲಿ ಎಂಬ ಈ ಬುದ್ಧಿಯು ಒಪ್ಪತಕ್ಕುದಲ್ಲ.

ಹೊಟ್ಟೆಯ ಪ್ರಶ್ನೆ ಹುಸಿಯೆಂದು ನಾವು ಹೇಳುವುದಿಲ್ಲ. ಈ ವೃತ್ತಿಯಲ್ಲಿ ಐಶ್ವರ್ಯವಿಲ್ಲ. ಆದರೆ ದಾರಿಯೇ ಇಲ್ಲವೆಂಬುದು ಅಜ್ಞಾನದ ಮಾತು. ಶಿರಸಿಯಲ್ಲಿಯೂ ಪೊನ್ನಂಪೇಟೆಯಲ್ಲಿಯೂ ಅರಣ್ಯ ಮಹಾವಿದ್ಯಾಲಯಗಳಿವೆ. ದೆಹರಾದೂನಿನಲ್ಲಿ 1982ರಲ್ಲಿ ಸ್ಥಾಪಿತವಾದ ಭಾರತೀಯ ವನ್ಯಜೀವಿ ಸಂಸ್ಥೆಯಿದೆ. ಅರಣ್ಯ ಇಲಾಖೆಯ ಪರೀಕ್ಷೆಗಳು ಎಲ್ಲರಿಗೂ ತಿಳಿದವೇ. ಬೇರೆ ವಿದ್ಯೆ ಕಲಿತವನಿಗೆ ಬಾಗಿಲು ಮುಚ್ಚಿದೆಯೇ ಎಂದರೆ ಅದೂ ಇಲ್ಲ. ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಲೋಕವಿಖ್ಯಾತರಾದ ಉಲ್ಲಾಸ ಕಾರಂತರು ಮೊದಲು ಓದಿದ್ದು ಇಂಜಿನಿಯರಿಂಗ್.

ತಂದೆತಾಯಿಗಳಿಗೆ ಹೇಳಿದ ಮೇಲೆ ಮಕ್ಕಳಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಕೊರಳಿಗೊಂದು ಕ್ಯಾಮರಾ, ಏರಲೊಂದು ಜೀಪು—ಇವೇ ಸಂರಕ್ಷಣೆಯೆಂದು ಭ್ರಮಿಸಿರುವ ತರುಣರು ಅನೇಕರಿದ್ದಾರೆ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆಯೆಂದು ನಾವು ಹೆಮ್ಮೆಪಡುತ್ತೇವಷ್ಟೆ. ಆ ಸಂಖ್ಯೆಯ ಹಿಂದೆ ಜಿಗಣೆ ಕಚ್ಚಿಸಿಕೊಂಡು ನಡೆದ ಕಾಲುಗಳಿವೆ, ಮೈಮೇಲಿನ ಪಟ್ಟೆಗಳನ್ನು ಹೋಲಿಸಿ ಒಂದೊಂದು ಹುಲಿಯನ್ನೂ ಗುರುತಿಸಿದ ಕಣ್ಣುಗಳಿವೆ, ಗಣಿತವಿದೆ. ಅದಕ್ಕಿಂತಲೂ ಕಠಿಣವಾದುದು, ಬೆಳೆಯನ್ನು ಆನೆ ತುಳಿದ ಮರುದಿನ ರೈತನ ಜಗಲಿಯಲ್ಲಿ ಕುಳಿತು, ಅವನ ಬೈಗುಳನ್ನು ಕೇಳಿ, ಅವನಿಗೆ ಸಲ್ಲತಕ್ಕ ಪರಿಹಾರದ ಅರ್ಜಿಯನ್ನು ಬರೆದುಕೊಡುವ ಕೆಲಸ. ಇದಕ್ಕೆ ಮನಸ್ಸಿಲ್ಲದವನು ಈ ವೃತ್ತಿಯನ್ನು ಬಯಸದಿರುವುದೇ ಲೇಸು.

ಇನ್ನು ವಿಹಾರದ ಮಾತು. ಪ್ರವಾಸಿಗರ ಹಣದಿಂದಲೇ ಕಾಡು ಉಳಿದಿದೆಯೆಂದು ವಾದಿಸುವವರಿದ್ದಾರೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ 2025ರ ನವೆಂಬರಿನಲ್ಲಿ ನಡೆದುದನ್ನು ನೆನೆಯಿರಿ. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ರೈತರು ಹುಲಿಯ ದಾಳಿಗೆ ಬಲಿಯಾದಾಗ, ಸರಕಾರವು ಬಂಡೀಪುರ ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಕ್ಕೆ ಕಳುಹಿಸಬೇಕೆಂದು ಆಜ್ಞಾಪಿಸಿತು. ವಿಹಾರಕ್ಕೆ ದುಡಿಯುವ ಕೈಗಳೂ ರಕ್ಷಣೆಗೆ ಬೇಕಾದ ಕೈಗಳೂ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಮ್ಮ ಒಂದು ಸಂಜೆಯ ಸಂತೋಷದ ಬೆಲೆಯನ್ನು ಕಾಡಂಚಿನ ರೈತನು ತೆರಬಾರದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯಹಕ್ಕುಗಳು ದೊರೆತವು. ಗಿಡದ ಹೆಸರನ್ನೂ ಜಾಡಿನ ವಯಸ್ಸನ್ನೂ ನೋಡಿದೊಡನೆ ಹೇಳಬಲ್ಲ ಇಂಥವರನ್ನು ಪಾತ್ರೆ ತೊಳೆಯಲಿಟ್ಟು, ಪಟ್ಟಣದವನನ್ನು ಮಾರ್ಗದರ್ಶಕನನ್ನಾಗಿ ಮಾಡುವ ವಸತಿಗೃಹವು ಬಾಗಿಲಲ್ಲಿ ‘ಪರಿಸರಸ್ನೇಹಿ’ ಎಂಬ ಹಲಗೆಯನ್ನು ತೂಗಹಾಕಿದರೆ ಅದನ್ನು ನಂಬುವ ನಾವೇ ತಪ್ಪಿತಸ್ಥರು. ಹುಲಿ ಕಾಣಿಸುವುದೇ ಎಂದು ಕೇಳುವ ಮೊದಲು, ಇಲ್ಲಿ ಯಾರಿಗೆ ಎಂಥ ಕೆಲಸ, ಎಷ್ಟು ಸಂಬಳ ಎಂದು ಕೇಳಿರಿ. ಉತ್ತರ ತೃಪ್ತಿಕರವಾಗಿರದಿದ್ದರೆ ಬೇರೆಡೆಗೆ ಹೋಗಿರಿ.

1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದು ಸಲೀಂ ಅಲಿಯವರ ಒತ್ತಾಯದಿಂದ. ಹಕ್ಕಿಗಳನ್ನು ಕಂಡು ಹಿಗ್ಗಿದವರು ಅವರಿಗಿಂತ ಮೊದಲೂ ಇದ್ದಿರಬೇಕು. ಕಂಡುದನ್ನು ಉಳಿಸಲು ದುಡಿದವರು ಅವರು. ನಿಮ್ಮ ಮನೆಯಲ್ಲಿ ಅಂಥ ಹಂಬಲದ ಒಂದು ಜೀವವಿದ್ದರೆ, ತಡೆಯಬೇಡಿರಿ. ಕಷ್ಟವನ್ನು ತಿಳಿಸಿ, ಹರಸಿ ಕಳುಹಿಸಿರಿ.